ಸರೋವರದ ತಳದ ಸಾಕ್ಷ್ಯ: ಕ್ರಿ. ಶ. ೫೬೩ರ ಟೌರೆಡೂನಂ ಗಿರಿಪತನ

೧. ವಿಷಯಪ್ರವೇಶ

ಪ್ರಾಚೀನ ಚರಿತ್ರೆಯ ರಚನೆಗೆ ಗ್ರಂಥ, ಶಾಸನ, ನಾಣ್ಯ, ಕಟ್ಟಡಗಳ ಅವಶೇಷ ಎಂಬ ನಾಲ್ಕು ಬಗೆಯ ಆಧಾರಗಳು ಬಹುಕಾಲದಿಂದ ವಿದ್ವಾಂಸರಿಗೆ ಪರಿಚಿತವಾಗಿವೆ. ಈ ನಾಲ್ಕೂ ಮನುಷ್ಯಕೃತವಾದುವು. ಆದುದರಿಂದ ಮನುಷ್ಯನ ಅಭಿಮಾನ, ಅಜ್ಞಾನ, ಮರೆವು ಮೊದಲಾದ ದೋಷಗಳಿಗೆ ಒಳಪಟ್ಟುವು. ಮನುಷ್ಯನ ಕೈ ಸೋಂಕದೆ ತಾನಾಗಿಯೇ ಬೆಳೆಯುತ್ತ ಬಂದಿರುವ ಐದನೆಯ ಆಧಾರವೊಂದುಂಟು. ಆಳವಾದ ಸರೋವರಗಳ ತಳದಲ್ಲಿ ಪದರುಪದರಾಗಿ ಕೂಡಿಕೊಂಡಿರುವ ಹೂಳೇ ಆ ಆಧಾರ.

ನಿಶ್ಚಲವಾದ ನೀರಿನಲ್ಲಿ ನವುರಾದ ಮಣ್ಣು ಮೆಲ್ಲಮೆಲ್ಲನೆ ಕೆಳಗಿಳಿದು ತಳವನ್ನು ಸೇರುವುದು. ಈ ಕ್ರಮದಿಂದ ಒಂದು ಗೇಣು ಹೂಳು ಕೂಡಲು ಎಷ್ಟೋ ವರ್ಷಗಳು ಬೇಕಾಗುವುವು. ಆದರೆ ಒಮ್ಮೊಮ್ಮೆ ಸರೋವರದ ಅಂಚಿನ ಇಳಿಜಾರಿನಲ್ಲಿ ನಿಂತಿದ್ದ ಮೆಕ್ಕಲುರಾಶಿಯು ತಟ್ಟನೆ ಕಿತ್ತುಕೊಂಡು, ತನ್ನ ಭಾರದಿಂದಲೇ ನೀರಿನೊಳಗೆ ಹರಿದು, ಬಹುಕಾಲದಲ್ಲಿ ಕೂಡಬೇಕಾದ ರಾಶಿಯನ್ನು ಅಲ್ಪಕಾಲದಲ್ಲಿ ತಳದ ಮೇಲೆ ಹರಡಿಬಿಡುವುದು. ಗಾಳಿಯಾಗಲಿ ಅಲೆಯಾಗಲಿ ಇದನ್ನು ನೂಕುವುದಿಲ್ಲ. ಗುರುತ್ವವೊಂದೇ ಇದಕ್ಕೆ ಕಾರಣವಾದುದರಿಂದ ಭೂಶಾಸ್ತ್ರಜ್ಞರು ಇದಕ್ಕೆ ಗುರುತ್ವಪ್ರವಾಹವೆಂತಲೂ, ಇದರಿಂದ ಆದ ಪದರಿಗೆ ಗುರುತ್ವಪ್ರವಾಹದ ನಿಕ್ಷೇಪವೆಂತಲೂ ಹೆಸರಿಟ್ಟಿದ್ದಾರೆ.

ಇಂಥ ನಿಕ್ಷೇಪವು ಚರಿತ್ರಕಾರನಿಗೆ ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲುದು? ಗ್ರಂಥದ ಹೇಳಿಕೆಯೂ ತಳದ ಪದರೂ ಒಂದೇ ಸಂಗತಿಯನ್ನು ಕುರಿತಿರುವಾಗ ಯಾವುದು ಯಾವುದಕ್ಕೆ ಆಸರೆ? ಈ ಪ್ರಶ್ನೆಗಳನ್ನು ಬರಿಯ ತರ್ಕದಿಂದ ವಿಚಾರಿಸುವುದಕ್ಕಿಂತ, ಎರಡು ಬಗೆಯ ಸಾಕ್ಷ್ಯಗಳೂ ದೊರೆತಿರುವ ಒಂದು ನಿದರ್ಶನವನ್ನು ಹಿಡಿದು ಪರೀಕ್ಷಿಸುವುದು ಮೇಲು. ಯೂರೋಪಿನ ಲೆಮಾನ್ ಸರೋವರದ ತೀರದಲ್ಲಿ ಕ್ರಿ. ಶ. ೫೬೩ರಲ್ಲಿ, ಎಂದರೆ ಶಕವರ್ಷ ೪೮೫ರ ಸುಮಾರಿನಲ್ಲಿ, ನಡೆದ ಗಿರಿಪತನವು ಅಂಥ ನಿದರ್ಶನ.

೨. ಸ್ಥಳಪರಿಚಯ

ಲೆಮಾನ್ ಸರೋವರವು ಸ್ವಿಟ್ಸರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವುದು. ಜಿನೀವಾ ಸರೋವರವೆಂಬುದು ಇದರದೇ ಮತ್ತೊಂದು ಹೆಸರು. ಇದರ ಆಕಾರವು ಬಾಗಿದ ಅರ್ಧಚಂದ್ರದಂತಿದೆ. ಉದ್ದವು ಸುಮಾರು ೭೩ ಕಿಲೋಮೀಟರು, ಅತಿ ಹೆಚ್ಚಿನ ಅಗಲವು ಸುಮಾರು ೧೪ ಕಿಲೋಮೀಟರು, ವಿಸ್ತೀರ್ಣವು ಸುಮಾರು ೫೮೦ ಚದರ ಕಿಲೋಮೀಟರು, ಅತ್ಯಂತ ಆಳವಾದ ಎಡೆಯಲ್ಲಿ ಆಳವು ಸುಮಾರು ೩೧೦ ಮೀಟರು.

ಆಲ್ಪ್ಸ್ ಪರ್ವತದ ಹಿಮನದಿಗಳಿಂದ ಹೊರಟ ರೋನ್ ನದಿಯು ವಾಲೇ ಪ್ರಾಂತದ ಕಣಿವೆಯಲ್ಲಿ ಇಳಿದು, ಸರೋವರದ ಪೂರ್ವದ ತುದಿಯಲ್ಲಿ ಒಳಹೊಗುವುದು; ಪಶ್ಚಿಮದ ತುದಿಯಲ್ಲಿ ಜಿನೀವಾ ಪಟ್ಟಣದ ಬಳಿ ತಿಳಿಯಾದ ನೀರಾಗಿ ಹೊರಬೀಳುವುದು. ಒಳಹೊಗುವಾಗ ಕದಡಿದ್ದ ನೀರು ಹೊರಬರುವಾಗ ತಿಳಿಯಾಗಿರುವುದೆಂದರೆ, ನದಿಯು ತಂದ ಮಣ್ಣೆಲ್ಲವೂ ಸರೋವರದಲ್ಲಿಯೇ ಉಳಿಯಿತೆಂದು ಸ್ಪಷ್ಟವಾಗುವುದು. ಅದರ ಬಹುಭಾಗವು ಪೂರ್ವದ ತುದಿಯಲ್ಲಿ ಕೂಡಿಕೊಂಡು ಮುಖಜಭೂಮಿಯಾಗಿ ಬೆಳೆದಿದೆ. ಈ ಭೂಮಿಯ ಮೇಲ್ಭಾಗವು ಸಮತಲವಾದ ಬಯಲು. ನೀರಿನೊಳಗಿನ ಭಾಗವು ಮೆತ್ತನೆಯ, ನೀರು ತುಂಬಿದ, ಇಳಿಜಾರಾದ ರಾಶಿ. ಬಯಲಿನ ಎರಡು ಪಕ್ಕಗಳಲ್ಲಿಯೂ ಕಡಿದಾದ ಬೆಟ್ಟಗಳಿವೆ. ಕಡಿದಾದ ಬೆಟ್ಟ, ಮೆತ್ತನೆಯ ರಾಶಿ, ಆಳವಾದ ನೀರು ಎಂಬ ಈ ಮೂರರ ಸಾಮೀಪ್ಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಲಭವಾಗಿ ತಿಳಿಯುವುದು.

೩. ಎರಡು ಗ್ರಂಥಗಳ ಹೇಳಿಕೆ

೫೬೩ರ ಗಿರಿಪತನವನ್ನು ಆ ಕಾಲದಲ್ಲಿಯೇ ಬದುಕಿದ್ದ ಇಬ್ಬರು ಬರೆದಿಟ್ಟಿದ್ದಾರೆ. ಇಬ್ಬರೂ ಲ್ಯಾಟಿನ್ ಭಾಷೆಯಲ್ಲಿ ಬರೆದವರು. ಇಬ್ಬರೂ ಕ್ರೈಸ್ತಮತದ ಬಿಷಪ್ಪರು. ಒಬ್ಬನು ಅವಾಂಶ್ ಪಟ್ಟಣದ ಮಾರಿಯುಸ್. ಮತ್ತೊಬ್ಬನು ಟೂರ್ ಪಟ್ಟಣದ ಗ್ರೆಗರಿ.

ಮಾರಿಯುಸನು ಬರೆದುದು ವರ್ಷಾನುಕ್ರಮವಾದ ಒಂದು ಚಿಕ್ಕ ವೃತ್ತಾಂತ. ಅದರಲ್ಲಿ ಕ್ರಿ. ಶ. ೪೫೫ರಿಂದ ೫೮೧ರ ವರೆಗಿನ ಸಂಗತಿಗಳು ಸೂತ್ರಪ್ರಾಯವಾಗಿ ಬಂದಿವೆ. ಆಗ ಕ್ರಿಸ್ತಶಕದ ಲೆಕ್ಕವು ಬಳಕೆಗೆ ಬಂದಿರಲಿಲ್ಲವಾದುದರಿಂದ, ರೋಮಿನ ಕಾನ್ಸಲ್ ಪದವಿಯಲ್ಲಿದ್ದವರ ಹೆಸರಿನಿಂದ ವರ್ಷಗಳನ್ನು ಹೇಳುವ ರೂಢಿಯನ್ನು ಅವನು ಅನುಸರಿಸಿದನು. ಕ್ರಿ. ಶ. ೫೪೧ರಲ್ಲಿ ಬೆಸಿಲಿಯುಸನು ಆ ಪದವಿಯಲ್ಲಿದ್ದನು. ಅವನ ತರುವಾಯದ ಇಪ್ಪತ್ತೆರಡನೆಯ ವರ್ಷದ ಕೆಳಗೆ ಗಿರಿಪತನದ ಸಂಗತಿಯು ಬಂದಿದೆ. ೫೬೩ ಎಂಬ ವರ್ಷವು ನಿಷ್ಪನ್ನವಾಗುವುದು ಹೀಗೆ.

ಮಾರಿಯುಸನ ಹೇಳಿಕೆಯ ಸಾರವಿದು: ವಾಲೇ ಪ್ರಾಂತದ ಟೌರೆಡೂನಂ ಎಂಬ ದೊಡ್ಡ ಬೆಟ್ಟವು ಹಠಾತ್ತಾಗಿ ಕುಸಿದು, ಹತ್ತಿರವಿದ್ದ ಕೋಟೆಯನ್ನೂ ಹಳ್ಳಿಗಳನ್ನೂ ಅಲ್ಲಿನ ನಿವಾಸಿಗಳೊಡನೆ ಮುಚ್ಚಿಬಿಟ್ಟಿತು. ಅರವತ್ತು ಮೈಲಿ ಉದ್ದ, ಇಪ್ಪತ್ತು ಮೈಲಿ ಅಗಲದ ಸರೋವರವೆಲ್ಲ ಅಲ್ಲಾಡಿ, ಎರಡು ದಡಗಳನ್ನೂ ಮೀರಿ, ಬಹು ಪುರಾತನವಾದ ಗ್ರಾಮಗಳನ್ನು ಜನಗಳೊಡನೆಯೂ ದನಕರುಗಳೊಡನೆಯೂ ಹಾಳುಮಾಡಿತು. ಪವಿತ್ರಸ್ಥಾನಗಳನ್ನು ಅಲ್ಲಿನ ಸೇವಕರ ಸಮೇತ ಕೆಡವಿತು. ಜಿನೀವಾದ ಸೇತುವೆಯೂ ಗಿರಣಿಗಳೂ ಕೊಚ್ಚಿಹೋದುವು. ನೀರು ಪಟ್ಟಣದೊಳಕ್ಕೆ ನುಗ್ಗಿ ಹಲವರನ್ನು ಕೊಂದಿತು.

ಗ್ರೆಗರಿಯು ಬರೆದುದು ಫ್ರಾಂಕ್ ಜನಾಂಗದ ದೊಡ್ಡ ಇತಿಹಾಸ. ಅದರ ನಾಲ್ಕನೆಯ ಭಾಗದಲ್ಲಿ ಇದೇ ಸಂಗತಿಯು ಹೆಚ್ಚು ವಿಸ್ತಾರವಾಗಿ ಬಂದಿದೆ. ಅವನ ಪ್ರಕಾರ ಟೌರೆಡೂನಂ ಎಂಬುದು ರೋನ್ ನದಿಯ ಮೇಲಣ ಬೆಟ್ಟದಲ್ಲಿದ್ದ ಒಂದು ಕೋಟೆ. ಅರವತ್ತು ದಿನಗಳಿಗೂ ಮೀರಿ ಆ ಬೆಟ್ಟದಿಂದ ಗರ್ಜನೆಯಂಥ ಶಬ್ದವು ಹೊರಡುತ್ತಿತ್ತು. ಕಡೆಗೆ ಅದು ಪಕ್ಕದ ಬೆಟ್ಟದಿಂದ ಸೀಳಿಕೊಂಡು, ಜನರು, ಚರ್ಚುಗಳು, ಮನೆಗಳು, ಐಶ್ವರ್ಯ ಎಲ್ಲದರೊಡನೆ ನದಿಯೊಳಕ್ಕೆ ಬಿದ್ದಿತು. ದಾರಿ ಕಟ್ಟಿದುದರಿಂದ ನೀರು ಹಿಂದಕ್ಕೆ ತಿರುಗಿ ಮೇಲ್ಗಡೆಯ ಪ್ರದೇಶವನ್ನು ಮುಳುಗಿಸಿತು. ತರುವಾಯ ಕಟ್ಟೆಯೊಡೆದು ಕೆಳಗಿನವರ ಮೇಲೆ ಏಕಾಏಕಿ ನುಗ್ಗಿ, ಜಿನೀವಾದ ವರೆಗೂ ದಡಗಳನ್ನು ಗುಡಿಸಿಕೊಂಡು ಹೋಯಿತು. ನೀರು ಪಟ್ಟಣದ ಗೋಡೆಗಳನ್ನು ದಾಟಿತೆಂದು ಅನೇಕರು ಹೇಳುತ್ತಾರೆಂದೂ ಗ್ರೆಗರಿಯು ಸೇರಿಸಿದ್ದಾನೆ. ಇದಾದಮೇಲೆ ಮೂವತ್ತು ಮಂದಿ ಸಂನ್ಯಾಸಿಗಳು ಕೋಟೆಯು ಬಿದ್ದ ಸ್ಥಳಕ್ಕೆ ಬಂದು, ಲೋಹದ ಆಸೆಯಿಂದ ನೆಲವನ್ನು ಅಗೆಯುತ್ತಿರಲು, ಮೊದಲಿನ ಗರ್ಜನೆಯೇ ಮತ್ತೆ ಕೇಳಿಸಿತು. ಆದರೂ ಅವರು ಬಿಡದೆ ಇದ್ದುದರಿಂದ, ಉಳಿದಿದ್ದ ಭಾಗವು ಅವರ ಮೇಲೆ ಕುಸಿದು ಎಲ್ಲರನ್ನೂ ಮುಚ್ಚಿತು.

೪. ಹೇಳಿಕೆಗಳ ವಿಮರ್ಶೆ

ಬೆಟ್ಟ ಕುಸಿದುದು, ಕೋಟೆ ನಾಶವಾದುದು, ಜಿನೀವಾ ಪಟ್ಟಣಕ್ಕೆ ನೀರು ನುಗ್ಗಿದುದು, ಈ ಮೂರು ಅಂಶಗಳಲ್ಲಿ ಎರಡು ಗ್ರಂಥಗಳಿಗೂ ಏಕವಾಕ್ಯತೆಯಿದೆ. ಭೇದವಿರುವುದು ನೀರು ನುಗ್ಗಿದ ಕಾರಣದಲ್ಲಿ. ಮಾರಿಯುಸನ ಪ್ರಕಾರ ಸರೋವರವೇ ಅಲ್ಲಾಡಿತು. ಗ್ರೆಗರಿಯ ಪ್ರಕಾರ ನದಿಯ ಕಟ್ಟೆ ಒಡೆಯಿತು. ಗ್ರೆಗರಿಯ ಈ ಕಥನದಲ್ಲಿ ಸರೋವರದ ಪ್ರಸ್ತಾಪವೇ ಬರುವುದಿಲ್ಲ.

ಇವರಲ್ಲಿ ಯಾರ ಮಾತು ಹೆಚ್ಚು ಗ್ರಾಹ್ಯ? ಅವಾಂಶ್ ಪಟ್ಟಣವು ಸರೋವರದ ಉತ್ತರಕ್ಕೆ ಅನತಿದೂರದಲ್ಲಿದೆ. ಮಾರಿಯುಸನು ೫೭೪ರಲ್ಲಿ ಅಲ್ಲಿ ಬಿಷಪ್ಪನಾದನು. ತರುವಾಯ ಸರೋವರದ ತೀರದ ಲೊಜಾನ್‌ಗೆ ತನ್ನ ಪೀಠವನ್ನು ಸಾಗಿಸಿದನು. ಸಂಗತಿಯನ್ನು ಕಣ್ಣಾರೆ ಕಂಡ ಜನರ ನಡುವೆ ಅವನು ಬಾಳಿದನೆಂಬುದರಲ್ಲಿ ಸಂದೇಹವಿಲ್ಲ. ಟೂರ್ ಪಟ್ಟಣವಾದರೋ ಫ್ರಾನ್ಸ್ ದೇಶದ ಪಶ್ಚಿಮಭಾಗದಲ್ಲಿ ಬಹುದೂರದಲ್ಲಿರುವುದು. ಗ್ರೆಗರಿಗೆ ಸುದ್ದಿಯು ಬಾಯಿಂದ ಬಾಯಿಗೆ ಬಂದುದೇ ಸರಿ. ಪಟ್ಟಣದ ಗೋಡೆಯ ವಿಷಯದಲ್ಲಿ ಅವನೇ ಅನೇಕರ ಮಾತೆಂದು ಒಪ್ಪಿಕೊಂಡಿದ್ದಾನೆ. ಆದುದರಿಂದ ಮಾರಿಯುಸನ ಮಾತೇ ಬಲವತ್ತರವೆಂದು ಮೊದಲ ನೋಟಕ್ಕೆ ತೋರುವುದು.

ಆದರೆ ಹತ್ತಿರದ ಸಾಕ್ಷಿಯೆಂಬ ಮಾತ್ರಕ್ಕೆ ಎಲ್ಲವನ್ನೂ ಒಪ್ಪಲಾಗದು. ರೋಮನ್ ಮೈಲಿಯು ಸುಮಾರು ೧.೪೮ ಕಿಲೋಮೀಟರಿಗೆ ಸಮ. ಅರವತ್ತು ಮೈಲಿಯೆಂದರೆ ಸುಮಾರು ೮೯ ಕಿಲೋಮೀಟರು, ಇಪ್ಪತ್ತು ಮೈಲಿಯೆಂದರೆ ಸುಮಾರು ೩೦ ಕಿಲೋಮೀಟರು ಆಗುವುದು. ನಿಜವಾದ ಉದ್ದವು ೭೩, ಅಗಲವು ೧೪. ಅಗಲವನ್ನು ಮಾರಿಯುಸನು ಇಮ್ಮಡಿಗಿಂತಲೂ ಹೆಚ್ಚಾಗಿ ಹೇಳಿದ್ದಾನೆ. ಅಳತೆಯಲ್ಲಿ ಇಷ್ಟು ಹೆಚ್ಚುಕಡಮೆಯಾದವನು ಅಲೆಯ ವಿಷಯದಲ್ಲಿಯೂ ಹಿಗ್ಗಿಸಿ ಹೇಳಿರಬಾರದೇಕೆ ಎಂದು ಯಾರಾದರೂ ಆಕ್ಷೇಪಿಸಿದರೆ, ಗ್ರಂಥಮಾತ್ರದಿಂದ ಅದಕ್ಕೆ ಉತ್ತರ ಕೊಡುವುದು ಕಷ್ಟ.

ಗ್ರೆಗರಿಯ ಪಕ್ಷವನ್ನು ಲೆಕ್ಕದಿಂದ ಪರೀಕ್ಷಿಸಬಹುದು. ೫೮೦ ಚದರ ಕಿಲೋಮೀಟರು ವಿಸ್ತಾರದ ಸರೋವರದ ಮಟ್ಟವು ಒಂದೇ ಒಂದು ಮೀಟರು ಏರಬೇಕಾದರೆ ೦.೫೮ ಘನ ಕಿಲೋಮೀಟರು ನೀರು ಬೇಕು. ಮೇಲಣ ಕಣಿವೆಯಲ್ಲಿ ಕಟ್ಟಿನಿಂತ ನೀರು ಒಡೆದು ಬಂದರೂ, ಅದು ಮೊದಲು ಈ ವಿಶಾಲವಾದ ಜಲರಾಶಿಯಲ್ಲಿ ಹರಡಿ ತನ್ನ ವೇಗವನ್ನು ಕಳೆದುಕೊಳ್ಳಬೇಕು. ಎಪ್ಪತ್ತು ಕಿಲೋಮೀಟರು ಆಚೆಯ ತುದಿಯಲ್ಲಿ ಸೇತುವೆಯನ್ನು ಕಿತ್ತು ಗೋಡೆಯನ್ನು ದಾಟುವ ಬಲವು ಅದಕ್ಕೆ ಉಳಿಯುವುದು ಅಸಂಭವ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗ್ರೆಗರಿಯ ಕಥನದಲ್ಲಿ ವಾರ್ತೆ ಬೇರೆ, ಊಹೆ ಬೇರೆ. ಬೆಟ್ಟ ಬಿದ್ದಿತು, ಮೇಲ್ಗಡೆ ನೀರು ನಿಂತಿತು, ಜಿನೀವಾದಲ್ಲಿ ನೀರು ನುಗ್ಗಿತು, ಇವು ವಾರ್ತೆಗಳು. ಮೇಲೆ ನಿಂತ ನೀರೇ ಒಡೆದು ಜಿನೀವಾಕ್ಕೆ ಬಂದಿತೆಂಬುದು ಆ ವಾರ್ತೆಗಳನ್ನು ಹೊಂದಿಸಲು ಮಾಡಿದ ಊಹೆ. ವಾರ್ತೆಗಳು ಮೂರೂ ನಿಜವಾಗಿದ್ದು ಊಹೆಯು ಮಾತ್ರ ತಪ್ಪಾಗಿರಬಹುದು. ಹಾಗಾದರೆ ಎರಡು ಗ್ರಂಥಗಳಿಗೂ ವಿರೋಧವೇ ಉಳಿಯುವುದಿಲ್ಲ. ಆದರೆ ಈ ಸಮನ್ವಯವು ಸಾಧುವೆಂದು ತೋರಿಸಲು ಎರಡು ಗ್ರಂಥಗಳನ್ನೂ ಅವಲಂಬಿಸದ ಮೂರನೆಯ ಸಾಕ್ಷಿಯು ಬೇಕು. ಅದು ದೊರೆತುದು ಸರೋವರದ ತಳದಲ್ಲಿ. ಆ ತಳವನ್ನು ಓದುವ ವಿದ್ಯೆಯೂ ಬಹುಮಟ್ಟಿಗೆ ಇದೇ ಸರೋವರದಲ್ಲಿ ಹುಟ್ಟಿತು.

೫. ನೀರಿನೊಳಗಿನ ಪ್ರವಾಹಗಳ ಶೋಧನೆ

ರೋನ್ ನದಿಯು ಸರೋವರವನ್ನು ಸೇರುವ ಎಡೆಯಲ್ಲಿ ಬೇಸಗೆಯ ದಿನಗಳಲ್ಲಿ ಒಂದು ವಿಚಿತ್ರವು ಕಾಣುವುದು. ನದಿಯ ಬೂದುಬಣ್ಣದ ನೀರು ಸ್ವಲ್ಪ ದೂರ ಹರಿದು, ಸ್ಪಷ್ಟವಾದ ಗೆರೆಯೊಂದರ ಬಳಿ ಇದ್ದಕ್ಕಿದ್ದಂತೆ ಮುಳುಗಿ ಮರೆಯಾಗುವುದು. ಆಚೆಗೆ ನೀಲವಾದ ತಿಳಿನೀರು. ಈ ಎಡೆಗೆ ಅಲ್ಲಿಯ ಜನರು ಬಟಾಯೇರ್ ಎಂಬ ಹೆಸರನ್ನು ಇಟ್ಟಿದ್ದಾರೆ.

ಹತ್ತೊಂಬತ್ತನೆಯ ಶತಮಾನದ ಒಂಬತ್ತನೆಯ ದಶಕದಲ್ಲಿ ಸ್ವಿಟ್ಸರ್ಲೆಂಡಿನ ಭೂಮಾಪಕರು ಗುಂಡು ಕಟ್ಟಿದ ತಂತಿಯನ್ನು ಇಳಿಬಿಟ್ಟು ಸರೋವರದ ಆಳವನ್ನು ಅಳೆದಾಗ, ನದೀಮುಖದಿಂದ ಹೊರಟು ತಳದ ಮೇಲೆ ಬಹುದೂರ ಸಾಗುವ ಒಂದು ಕೊರಕಲು ಕಂಡುಬಂದಿತು. ಅದರ ಎರಡು ಪಕ್ಕಗಳಲ್ಲಿಯೂ ಏರಿಗಳಂತೆ ದಿಣ್ಣೆಗಳಿದ್ದುವು. ನೀರಿನೊಳಗೆ ನದಿಯ ಪಾತ್ರವಿರುವುದು ಹೇಗೆ?

ಇದಕ್ಕೆ ಸಮಾಧಾನವನ್ನು ಹೇಳಿದವನು ಫ್ರಾನ್ಸ್ವಾ ಆಲ್ಫೋನ್ಸ್ ಫೋರೆಲ್ (೧೮೪೧–೧೯೧೨). ಇವನು ಸರೋವರದ ತೀರದ ಮೋರ್ಜ್ ಎಂಬ ಊರಿನವನು, ಲೊಜಾನ್‌ನಲ್ಲಿ ಅಧ್ಯಾಪಕನಾಗಿದ್ದನು. ಲೆಮಾನ್ ಸರೋವರವೊಂದನ್ನೇ ಕುರಿತು ೧೮೯೨, ೧೮೯೫, ೧೯೦೪ ಈ ವರ್ಷಗಳಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿ ಸರೋವರಶಾಸ್ತ್ರಕ್ಕೆ ಮೂಲಪುರುಷನೆನಿಸಿದನು. ೧೮೮೫ರಲ್ಲಿ ಫೋರೆಲನು ಈ ಕೊರಕಲಿನ ಕಾರಣವನ್ನು ವಿವರಿಸಿದನು. ಹಿಮನದಿಯ ನೀರು ತಣ್ಣಗಿರುವುದು, ಮತ್ತು ಮಣ್ಣನ್ನು ಹೊತ್ತಿರುವುದು. ಈ ಎರಡು ಕಾರಣಗಳಿಂದಲೂ ಸರೋವರದ ನೀರಿಗಿಂತ ಹೆಚ್ಚು ತೂಕವುಳ್ಳುದು. ಆದುದರಿಂದ ಅದು ಕೆಳಕ್ಕೆ ಮುಳುಗಿ, ತಳದ ಮೇಲೆಯೇ ನದಿಯಂತೆ ಹರಿದು, ನಡುವೆ ಪಾತ್ರವನ್ನು ಉಳಿಸಿಕೊಂಡು ಎರಡು ಪಕ್ಕಗಳಲ್ಲಿ ಹೂಳನ್ನು ಬಿಡುವುದು ಎಂಬುದೇ ಆ ವಿವರಣೆ. ಒಂದು ಶತಮಾನದ ತರುವಾಯ, ೧೯೮೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊರಕಲಿನೊಳಗೆ ಉಪಕರಣಗಳನ್ನು ಇಳಿಸಿ ಈ ಪ್ರವಾಹಗಳನ್ನು ಅಳೆದ ವಿವರಗಳು ಬಂದಿವೆ.

ಕದಡಿದ ನೀರು ಭಾರದಿಂದ ಹರಿಯುವ ಈ ಪ್ರವಾಹವನ್ನು ಆವಿಲಪ್ರವಾಹವೆಂದು ಕರೆಯಬಹುದು. ಫೋರೆಲನು ಸರೋವರದಲ್ಲಿ ಕಂಡುದನ್ನು ಬೇರೆಯವರು ಬೇರೆ ಬೇರೆ ಕಡೆಗಳಲ್ಲಿ ಕಂಡರು. ಅಮೆರಿಕದ ಕೊಲೊರಾಡೊ ನದಿಗೆ ಹೂವರ್ ಅಣೆಕಟ್ಟು ನಿರ್ಮಿತವಾದ ೧೯೩೫ರಲ್ಲಿ, ಕೆಸರುನೀರು ಜಲಾಶಯದ ತಿಳಿನೀರಿನ ಕೆಳಗೆ ಹರಿದುಬಂದು ಕಟ್ಟೆಯ ಬಳಿ ಹೊರಬಿದ್ದಿತು. ೧೯೩೬ರಲ್ಲಿ ಡೇಲಿ ಎಂಬ ಭೂಶಾಸ್ತ್ರಜ್ಞನು ಸಮುದ್ರದೊಳಗಿನ ಕಮರಿಗಳನ್ನು ಇಂಥ ಪ್ರವಾಹಗಳೇ ಕೊರೆದುವೆಂದು ಸೂಚಿಸಿದನು. ಹಾಲೆಂಡಿನ ಕ್ಯೂನೆನ್ ಎಂಬವನು ತೊಟ್ಟಿಗಳಲ್ಲಿ ಕೃತಕವಾಗಿ ಇವುಗಳನ್ನು ಹರಿಸಿ ನೋಡಿ, ಇಟಲಿಯ ಮಿಲ್ಯೊರೀನಿಯೊಡನೆ ೧೯೫೦ರಲ್ಲಿ ಒಂದು ಮುಖ್ಯವಾದ ಲೇಖನವನ್ನು ಪ್ರಕಟಿಸಿದನು. ಪದರಿನ ಅಡಿಯಲ್ಲಿ ದಪ್ಪ ಮರಳು, ಮೇಲಕ್ಕೆ ಹೋದಂತೆಲ್ಲ ನವುರಾದ ಮರಳು, ತುದಿಯಲ್ಲಿ ಜೇಡಿ, ಹೀಗೆ ಕ್ರಮವಾಗಿ ಇಳಿಯುವ ಕಣಗಳ ವ್ಯವಸ್ಥೆಯು ಆವಿಲಪ್ರವಾಹದ ಗುರುತೆಂದು ಅದರಲ್ಲಿ ಪ್ರತಿಪಾದಿಸಲಾಯಿತು. ಪ್ರವಾಹವು ನಿಧಾನವಾದಂತೆ ಭಾರವಾದ ಕಣವು ಮೊದಲು ನಿಲ್ಲುವುದು, ಹಗುರವಾದುದು ಕಡೆಗೆ ನಿಲ್ಲುವುದು. ಮೊರದಲ್ಲಿ ಕೇರಿದ ಧಾನ್ಯದಂತೆ ಕಣಗಳು ತಾವಾಗಿಯೇ ಬೇರ್ಪಡುವುವು. ೧೯೨೯ರ ನವೆಂಬರ್ ೧೮ರಂದು ಉತ್ತರ ಅಮೆರಿಕದ ಗ್ರ್ಯಾಂಡ್ ಬ್ಯಾಂಕ್ಸ್ ಎಂಬಲ್ಲಿ ಭೂಕಂಪವಾದಮೇಲೆ ಸಮುದ್ರದ ತಂತಿಗಳು ಒಂದಾದಮೇಲೊಂದು ಕಡಿದುಹೋದುದಕ್ಕೂ ಇಂಥ ಪ್ರವಾಹವೇ ಕಾರಣವೆಂದು ಹೀಜೆನ್ ಮತ್ತು ಯೂಯಿಂಗ್ ೧೯೫೨ರಲ್ಲಿ ತೋರಿಸಿದರು.

೬. ತಳದಲ್ಲಿ ದೊರೆತ ಪದರು

ಇಷ್ಟು ಪೀಠಿಕೆಯಾದಮೇಲೆ ಪ್ರಕೃತಕ್ಕೆ ಬರಬಹುದು. ಜಿನೀವಾ ವಿಶ್ವವಿದ್ಯಾನಿಲಯದ ಕಾಟ್ರಿನಾ ಕ್ರೇಮರ್, ಗೈ ಸಿಂಪ್ಸನ್, ಸ್ಟೆಫಾನಿ ಜಿರಾರ್ಕ್ಲೋ ಎಂಬ ವಿದ್ವಾಂಸರು ತಮ್ಮ ಸಂಶೋಧನೆಯ ಫಲವನ್ನು ೨೦೧೨ರಲ್ಲಿ ನೇಚರ್ ಜಿಯೋಸೈನ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ನೀರಿನ ಮೇಲಿಂದ ಶಬ್ದತರಂಗಗಳನ್ನು ಕಳುಹಿಸಿ, ತಳದ ಪದರುಗಳಿಂದ ಹಿಂದಿರುಗಿದ ಪ್ರತಿಧ್ವನಿಯಿಂದ ಅವುಗಳ ಆಕಾರವನ್ನು ಗುರುತಿಸಿದರು. ಉದ್ದವಾದ ಕೊಳವೆಗಳನ್ನು ತಳಕ್ಕೆ ಹೊಗಿಸಿ ಹೂಳಿನ ಕಂಬಗಳನ್ನು ಮೇಲಕ್ಕೆ ತೆಗೆದು ಪರೀಕ್ಷಿಸಿದರು.

ಸರೋವರದ ಅತ್ಯಂತ ಆಳವಾದ ಭಾಗದಲ್ಲಿ, ಈಚಿನ ಹೂಳಿನ ಕೆಳಗೆ ಮುಚ್ಚಿಕೊಂಡು, ಮಸೂರದ ಆಕಾರದ ಒಂದೇ ಒಂದು ಮಹಾನಿಕ್ಷೇಪವು ಅವರಿಗೆ ಕಂಡುಬಂದಿತು. ಅದರ ಉದ್ದವು ಹತ್ತು ಕಿಲೋಮೀಟರಿಗೆ ಮೇಲ್ಪಟ್ಟುದು, ಅಗಲವು ಸುಮಾರು ಐದು ಕಿಲೋಮೀಟರು, ದಪ್ಪವು ಸರಾಸರಿ ಐದು ಮೀಟರು. ಇವುಗಳನ್ನು ಗುಣಿಸಿದರೆ ಕಾಲು ಘನ ಕಿಲೋಮೀಟರು, ಎಂದರೆ ಇಪ್ಪತ್ತೈದು ಕೋಟಿ ಘನ ಮೀಟರು ಆಗುವುದು. ಇಷ್ಟು ದೊಡ್ಡ ರಾಶಿಯು ಒಂದೇ ಸಂಗತಿಯಲ್ಲಿ ಬಂದು ಬಿದ್ದುದೆಂದೂ, ಅದು ರೋನ್ ಮುಖಜಭೂಮಿಯ ಕಡೆಯಿಂದ ಬಂದುದೆಂದೂ ಅವರು ನಿರ್ಣಯಿಸಿದರು. ಹೂಳಿನಲ್ಲಿ ಸಿಕ್ಕಿದ ಸಸ್ಯಾಂಶಗಳ ವಿಕಿರಣ ಇಂಗಾಲವನ್ನು ಅಳೆದು ಕಾಲವನ್ನು ಗೊತ್ತುಮಾಡಿದಾಗ ಕ್ರಿ. ಶ. ೩೮೧ಕ್ಕೂ ೬೧೨ಕ್ಕೂ ನಡುವಣ ಕಾಲವೆಂದು ಹೊರಪಟ್ಟಿತು.

ಇವುಗಳಿಂದ ಅವರು ಊಹಿಸಿದ ಕ್ರಮವು ಹೀಗಿದೆ. ಕುಸಿದ ಬೆಟ್ಟದ ರಾಶಿಯು ಮುಖಜಭೂಮಿಯ ಮೆತ್ತನೆಯ ಮೆಕ್ಕಲಿನ ಮೇಲೆ ಬಿದ್ದಿತು. ಆ ಆಘಾತದಿಂದ ನೀರಿನೊಳಗಿನ ಇಳಿಜಾರು ಕಿತ್ತುಕೊಂಡು ಆಳಕ್ಕೆ ಜಾರಿತು. ಜಾರಿದ ರಾಶಿಯು ನೀರನ್ನು ನೂಕಿದುದರಿಂದ ಮಹಾತರಂಗವು ಎದ್ದಿತು. ಗಣಿತದಿಂದ ಆ ತರಂಗವನ್ನು ಅನುಕರಿಸಿ ನೋಡಿದಾಗ, ಲೊಜಾನ್ ತೀರಕ್ಕೆ ಸುಮಾರು ಹದಿನೈದು ನಿಮಿಷಗಳಲ್ಲಿ ೧೩ ಮೀಟರು ಎತ್ತರದ ಅಲೆಯೂ, ಜಿನೀವಾಕ್ಕೆ ಸುಮಾರು ಎಪ್ಪತ್ತು ನಿಮಿಷಗಳಲ್ಲಿ ೮ ಮೀಟರು ಎತ್ತರದ ಅಲೆಯೂ ಮುಟ್ಟಿರಬೇಕೆಂದು ತಿಳಿದುಬಂದಿತು.

ಈಗ ಗ್ರಂಥಗಳ ಕಡೆಗೆ ತಿರುಗಿದರೆ, ಸರೋವರವೆಲ್ಲ ಅಲ್ಲಾಡಿ ಎರಡು ದಡಗಳನ್ನೂ ಮೀರಿತೆಂಬ ಮಾರಿಯುಸನ ಮಾತು ಅಕ್ಷರಶಃ ಸಮರ್ಥಿತವಾಗುವುದು. ಸರೋವರದ ಅಗಲವನ್ನು ಹಿಗ್ಗಿಸಿ ಹೇಳಿದವನು ಅಲೆಯನ್ನು ಹಿಗ್ಗಿಸಿ ಹೇಳಲಿಲ್ಲ. ಅಳತೆಯು ಮಾರಿಯುಸನಿಗೆ ಕಿವಿಮಾತಾಗಿ ಬಂದಿರಬಹುದು. ಅನಾಹುತವಾದರೋ ಅವನ ಸುತ್ತಣ ಜನರ ಅನುಭವ. ಗ್ರೆಗರಿಯ ವಾರ್ತೆಗಳಿಗೂ ಇದರಿಂದ ಹಾನಿಯಿಲ್ಲ. ಬೆಟ್ಟದ ರಾಶಿಯು ನದಿಗೆ ಅಡ್ಡಲಾಗಿ ಬಿದ್ದು ಮೇಲ್ಗಡೆ ನೀರು ನಿಂತಿರಲೂಬಹುದು. ನೀರು ಜಿನೀವಾದ ಗೋಡೆಯನ್ನು ದಾಟಿರಲೂಬಹುದು. ಎರಡನ್ನೂ ಕಾರ್ಯಕಾರಣವಾಗಿ ಹೊಂದಿಸಿದ ಊಹೆಯೊಂದನ್ನು ಬಿಟ್ಟರೆ ಸಾಕು.

೭. ಪದರಿನ ಸಾಕ್ಷ್ಯಕ್ಕೆ ಇರುವ ಮಿತಿ

ಇಷ್ಟರಿಂದ ತಳದ ಪದರು ಗ್ರಂಥಕ್ಕಿಂತ ಮೇಲಾದ ಪ್ರಮಾಣವೆಂದು ಭಾವಿಸಿದರೆ ಅದೂ ಅವಿಚಾರವೇ ಆಗುವುದು. ಪದರು ತಾನಾಗಿ ಮಾತನಾಡುವುದಿಲ್ಲ. ಅದು ಅನುಮಾನಕ್ಕೆ ಲಿಂಗಮಾತ್ರ. ಲಿಂಗವು ಸಾಧ್ಯವನ್ನು ಸಾಧಿಸಬೇಕಾದರೆ ವ್ಯಾಪ್ತಿಯು ನಿರ್ದುಷ್ಟವಾಗಿರಬೇಕೆಂಬುದು ತಾರ್ಕಿಕರೆಲ್ಲರಿಗೂ ಸಂಮತವಾದುದು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು, ಹಸಿಯ ಸೌದೆಯೆಂಬ ಉಪಾಧಿಯು ಅಲ್ಲಿ ಬೇಕಾಗುವುದು. ಹಾಗೆಯೇ ಕಣಗಳು ಕ್ರಮವಾಗಿ ಇಳಿದ ದಪ್ಪನೆಯ ಪದರಿನಿಂದ ಗುರುತ್ವಪ್ರವಾಹವನ್ನು ಊಹಿಸಬಹುದು. ಆದರೆ ಗುರುತ್ವಪ್ರವಾಹದಿಂದ ಗಿರಿಪತನವನ್ನು ಊಹಿಸುವುದು ವ್ಯಭಿಚಾರದೋಷಕ್ಕೆ ಗುರಿಯಾಗುವುದು. ನದಿಯ ಮಹಾಪೂರ, ಭೂಕಂಪ, ಮೆಕ್ಕಲು ತನ್ನ ಭಾರಕ್ಕೇ ಕುಸಿಯುವುದು, ಬೆಟ್ಟ ಬೀಳುವುದು, ಈ ನಾಲ್ಕರಿಂದಲೂ ಅದು ಹುಟ್ಟಬಹುದಷ್ಟೆ.

ಇದಕ್ಕೆ ಸ್ವಿಟ್ಸರ್ಲೆಂಡಿನಲ್ಲಿಯೇ ನಿದರ್ಶನಗಳಿವೆ. ೧೬೦೧ರ ಸೆಪ್ಟೆಂಬರ್ ೧೮ರಂದು ಭೂಕಂಪವಾದಾಗ ಲೂಸರ್ನ್ ಸರೋವರದಲ್ಲಿ ದೊಡ್ಡ ಅಲೆಗಳೆದ್ದುವು. ರಾಯ್ಸ್ ನದಿಯ ನೀರು ಹಿಂದಕ್ಕೆ ಸರಿಯಿತೆಂದು ಆ ಪಟ್ಟಣದ ಕರಣಿಕನಾಗಿದ್ದ ರೆನ್‌ವಾರ್ಡ್ ಸೀಸಾಟನು ಬರೆದಿಟ್ಟನು. ಇದೇ ಸರೋವರದಲ್ಲಿ ೧೬೮೭ರಲ್ಲಿ ಭೂಕಂಪವಿಲ್ಲದೆಯೇ ಮುಓಟಾ ನದಿಯ ಮುಖಜಭೂಮಿಯು ಕುಸಿದು ಅಲೆಯೆದ್ದಿತು. ೧೮೦೬ರ ಸೆಪ್ಟೆಂಬರ್ ೨ರಂದು ಗೋಲ್ಡೌ ಎಂಬಲ್ಲಿ ಬೆಟ್ಟ ಬಿದ್ದು ೪೫೭ ಮಂದಿ ಸತ್ತರು. ಹತ್ತಿರದ ಲೌಅರ್ಜ್ ಸರೋವರದಲ್ಲಿ ಅಲೆಯೆದ್ದು ತೀರವನ್ನು ಬಡಿಯಿತು. ಹೀಗೆ ಕಾರಣಗಳು ಮೂರು, ಕಾರ್ಯವು ಒಂದೇ ಬಗೆಯದು.

ಕಾರಣವನ್ನು ಬೇರ್ಪಡಿಸುವ ಉಪಾಯವನ್ನೂ ಸಂಶೋಧಕರು ಕಂಡುಕೊಂಡಿದ್ದಾರೆ. ಲೂಸರ್ನ್ ಸರೋವರದ ತಳವನ್ನು ಪರೀಕ್ಷಿಸಿ ಶ್ನೆಲ್‌ಮನ್ ಮೊದಲಾದವರು ೨೦೦೨ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರಸ್ಪರ ಸಂಬಂಧವಿಲ್ಲದ ಹಲವು ಇಳಿಜಾರುಗಳು ಒಂದೇ ಕಾಲದಲ್ಲಿ ಜಾರಿದ್ದರೆ ಅದು ಭೂಕಂಪದ ಲಕ್ಷಣ. ಒಂದೇ ಕಡೆಯಿಂದ ಒಂದೇ ರಾಶಿ ಬಂದಿದ್ದರೆ ಆ ಕಡೆಯ ಸ್ಥಳೀಯವಾದ ಕಾರಣವನ್ನೇ ಹುಡುಕಬೇಕಾಗುವುದು. ಲೆಮಾನ್ ಸರೋವರದ ಮಹಾನಿಕ್ಷೇಪವು ಈ ಎರಡನೆಯ ಬಗೆಗೆ ಹತ್ತಿರವಾದುದು. ಆದರೂ ಆ ಸ್ಥಳೀಯವಾದ ಕಾರಣವು ಬೆಟ್ಟದ ಕುಸಿತವೆಂದು ತಿಳಿಸುವುದು ಪದರಲ್ಲ. ಆ ಇಬ್ಬರ ಲೇಖನಿ. ಅರವತ್ತು ದಿನಗಳ ಗರ್ಜನೆಯೆಂಬ ಗ್ರೆಗರಿಯ ಮಾತು ಒಂದು ಕಾಲಕ್ಕೆ ಅದ್ಭುತಕಥೆಯಂತೆ ತೋರಿರಬಹುದು. ಕುಸಿಯಲಿರುವ ಬೆಟ್ಟದಲ್ಲಿ ಬಂಡೆಗಳು ಬಿರಿದು ಶಬ್ದಮಾಡುವುದು ಅಸಹಜವಲ್ಲವಾದುದರಿಂದ, ಅದೂ ಉಪೇಕ್ಷಿಸತಕ್ಕ ಮಾತಲ್ಲ.

ಕಾಲದ ವಿಷಯದಲ್ಲಿಯೂ ಹೀಗೆಯೇ. ವಿಕಿರಣ ಇಂಗಾಲವು ಕೊಟ್ಟುದು ೨೩೧ ವರ್ಷಗಳ ಅವಕಾಶ. ಅದರೊಳಗೆ ೫೬೩ ಎಂಬ ವರ್ಷವನ್ನು ನಿಲ್ಲಿಸಿದುದು ಬೆಸಿಲಿಯುಸನ ಹೆಸರಿನಿಂದ ಮಾರಿಯುಸನು ಮಾಡಿದ ಲೆಕ್ಕ. ಗ್ರಂಥವಿಲ್ಲದಿದ್ದರೆ ಈ ಪದರಿಗೆ ವರ್ಷವೂ ಇಲ್ಲ, ಹೆಸರೂ ಇಲ್ಲ. ಪದರಿಲ್ಲದಿದ್ದರೆ ಗ್ರಂಥದ ಅಲೆಯು ಸಂದೇಹಾಸ್ಪದವಾಗಿಯೇ ಉಳಿಯುತ್ತಿತ್ತು.

ಟೌರೆಡೂನಂ ಬೆಟ್ಟವು ಯಾವುದೆಂಬ ವಿಷಯದಲ್ಲಿ ಮತಭೇದವಿದೆ. ಸರೋವರದ ಪೂರ್ವದ ತುದಿಗೆ ಸಮೀಪವಾದ ಗ್ರಾಮೋನ್ ಬೆಟ್ಟವೆಂದು ಕೆಲವರೂ, ಇನ್ನೂ ಮೇಲ್ಗಡೆ ಸೇಂಟ್ ಮಾರಿಸ್ ಬಳಿಯ ಬೆಟ್ಟವೆಂದು ಕೆಲವರೂ ಹೇಳುತ್ತಾರೆ. ಮುಖಜಭೂಮಿಯ ಇಳಿಜಾರು ಬೆಟ್ಟದ ಆಘಾತದಿಂದ ಕಿತ್ತುಬಂದುದಾದರೆ, ಸರೋವರಕ್ಕೆ ಹತ್ತಿರವಾದ ಸ್ಥಳವೇ ಹೆಚ್ಚು ಯುಕ್ತವೆಂದು ತೋರುವುದು.

೮. ಗತಿಸಿದ ಸರೋವರಗಳು

ಬದುಕಿರುವ ಸರೋವರಗಳಲ್ಲಿ ಹೀಗೆ ಸ್ಥಿರಪಟ್ಟ ನಿಯಮಗಳನ್ನು, ಎಂದೋ ಬತ್ತಿ ಕಲ್ಲಾಗಿರುವ ಸರೋವರಗಳಿಗೆ ಅನ್ವಯಿಸುವ ಕೆಲಸವೂ ನಡೆದಿದೆ. ಚೀನಾದೇಶದ ಆರ್ಡೋಸ್ ಪ್ರದೇಶದಲ್ಲಿ ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಯುಗದಲ್ಲಿ, ಒಂದು ಮಹಾಸರೋವರವಿದ್ದಿತು. ಅದರ ತಳದ ಕಪ್ಪು ಜೇಡಿಗಲ್ಲಿನ ನಡುವೆ ಗುರುತ್ವಪ್ರವಾಹಗಳು ತಂದ ಮರಳುಗಲ್ಲಿನ ಪದರುಗಳಿವೆ. ಜೇಡಿಗಲ್ಲಿನಲ್ಲಿ ಹುಟ್ಟಿದ ಎಣ್ಣೆಯು ಮರಳುಗಲ್ಲಿನಲ್ಲಿ ನಿಂತಿರುವುದರಿಂದ ಇವುಗಳ ಅಧ್ಯಯನಕ್ಕೆ ಧನದ ಪ್ರಯೋಜನವೂ ಕೂಡಿಬಂದಿದೆ. ಅಲ್ಲಿಯ ವಿವಾದವೂ ಇಲ್ಲಿಯದನ್ನೇ ಹೋಲುವುದು. ಮರಳು ತಿಳಿಯಾದ ಕ್ರಮದಲ್ಲಿ ಇಳಿದಿದ್ದರೆ ಆವಿಲಪ್ರವಾಹ. ಕ್ರಮವಿಲ್ಲದೆ ಮುದ್ದೆಯಾಗಿ ನಿಂತು, ನಡುವೆ ಜೇಡಿಯ ತುಂಡುಗಳು ಸಿಕ್ಕಿಕೊಂಡಿದ್ದರೆ ಕೆಸರಿನಂತೆ ಒಟ್ಟಾಗಿ ಜಾರಿದ ಪ್ರವಾಹ. ಆವಿಲಪ್ರವಾಹವೆಂದು ಹೆಸರಾದ ಎಷ್ಟೋ ಪದರುಗಳು ಎರಡನೆಯ ಬಗೆಯವೆಂದು ಶಣ್ಮುಗಂ ಎಂಬ ವಿದ್ವಾಂಸರು ೧೯೯೦ರ ದಶಕದಿಂದ ವಾದಿಸಿದ್ದಾರೆ. ಅಂಥ ಪದರುಗಳಿಗೆ ಮಾರಿಯುಸನಾಗಲಿ ಗ್ರೆಗರಿಯಾಗಲಿ ಇಲ್ಲ. ಆದುದರಿಂದ ಗ್ರಂಥಸಾಕ್ಷಿಯುಳ್ಳ ಲೆಮಾನ್‌ನಂಥ ಸರೋವರಗಳ ಬೆಲೆ ಅಧಿಕ. ಸಾಕ್ಷಿಯಿರುವ ಎಡೆಯಲ್ಲಿ ವ್ಯಾಪ್ತಿಯನ್ನು ನಿಶ್ಚಯಿಸಿಕೊಂಡಲ್ಲದೆ ಸಾಕ್ಷಿಯಿಲ್ಲದ ಎಡೆಯಲ್ಲಿ ಅನುಮಾನವು ಸಲ್ಲದು.

೯. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾದ ಅಂಶಗಳು ಮೂರು. ಮೊದಲನೆಯದು, ೫೬೩ರಲ್ಲಿ ಜಿನೀವಾಕ್ಕೆ ನುಗ್ಗಿದ ನೀರು ಸರೋವರದ ಅಲೆಯೇ ಹೊರತು ನದಿಯ ಕಟ್ಟೆಯೊಡೆದ ನೀರಲ್ಲವೆಂಬ ಪಕ್ಷವೇ ಬಲವಾದುದು. ಎರಡನೆಯದು, ಪ್ರಾಚೀನ ಲೇಖಕರ ವಾರ್ತೆಯನ್ನೂ ಊಹೆಯನ್ನೂ ಬೇರ್ಪಡಿಸಿ ಓದಿದರೆ, ವಿರೋಧವೆಂದು ಕಂಡುದು ಬಹುಮಟ್ಟಿಗೆ ಪರಿಹಾರವಾಗುವುದು. ಮೂರನೆಯದು, ಸರೋವರದ ನಿಕ್ಷೇಪವು ಗ್ರಂಥಕ್ಕೆ ಪ್ರತಿಸ್ಪರ್ಧಿಯಲ್ಲ. ರಾಶಿಯ ಪರಿಮಾಣವನ್ನೂ ದಿಕ್ಕನ್ನೂ ಅದು ಹೇಳುವುದು, ವರ್ಷವನ್ನೂ ಮೂಲಕಾರಣವನ್ನೂ ಗ್ರಂಥವು ಹೇಳುವುದು.

ಈ ವಿಚಾರವು ಬರಿಯ ಪುರಾತನವಸ್ತುಶೋಧನೆಯಲ್ಲ. ಮಾರಿಯುಸನ ಕಾಲದಲ್ಲಿ ತೀರದ ಮೇಲೆ ಕೆಲವು ಗ್ರಾಮಗಳೂ ಒಂದು ಕೋಟೆಯ ಪಟ್ಟಣವೂ ಇದ್ದುವು. ಈಗ ಆ ಸರೋವರದ ಸುತ್ತ ಹತ್ತು ಲಕ್ಷಕ್ಕೂ ಹೆಚ್ಚು ಜನರು ವಾಸಿಸುತ್ತಾರೆ. ರೋನ್ ನದಿಯು ಎಂದಿನಂತೆ ಬಟಾಯೇರ್‌ನಲ್ಲಿ ಮುಳುಗಿ, ತಾನು ತಂದ ಮೆಕ್ಕಲನ್ನು ಅದೇ ಇಳಿಜಾರಿನ ಮೇಲೆ ಪೇರಿಸುತ್ತಲಿದೆ. ಒಮ್ಮೆ ಜಾರಿದ ರಾಶಿಯ ಎಡೆಯಲ್ಲಿ ಹೊಸ ರಾಶಿಯು ಬೆಳೆಯುತ್ತಿರುವಾಗ, ಹದಿನಾಲ್ಕು ಶತಮಾನಗಳಿಗೂ ಹಿಂದೆ ಇಬ್ಬರು ಬರೆದಿಟ್ಟ ಕೆಲವು ಪಂಕ್ತಿಗಳನ್ನು ಪುರಾಣವೆಂದು ಬದಿಗಿಡದೆ ಪರೀಕ್ಷಿಸಿದುದು ಆ ತೀರದ ಜನರಿಗೆ ಮುಂದಕ್ಕೂ ಉಪಯೋಗಕ್ಕೆ ಬರುವ ಕೆಲಸ.